ಹುಣಸೆಹಣ್ಣು ಹಾಕಿ ಉಜ್ಜಿದ ಇಪ್ಪತ್ತು ತೋಟಾ

ಕತಾರಿಗೆ ಹೋದ ಮೇಲೆ ನಾನು ಕಲಿತ ಮೊದಲ ಅರಬ್ಬಿ ಪದ ‘ಲೇಶ್’. ಹಾಗೆಂದರೆ ‘ಯಾಕೆ’. ಜೊತೆಗೆ ಬಂದವರೆಲ್ಲ ನೀರಿಗೆ ಏನನ್ನುತ್ತಾರೆ, ಬಸ್ಸಿಗೆ ಏನನ್ನುತ್ತಾರೆ, ರಜೆಗೆ ಏನನ್ನುತ್ತಾರೆ ಎಂದು ಬಾಯಿಪಾಠ ಮಾಡುತ್ತಿದ್ದಾಗ ನಾನು ಇದೊಂದನ್ನು ಹಿಡಿದುಕೊಂಡೆ. ಯಾಕೆ ಎಂದು ಕೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಪಂಪಿನ ಶಾಫ್ಟು ಸವೆದು ಬಂದರೆ ಅದನ್ನು ಸರಿ ಮಾಡಿ ಕಳಿಸುವುದಷ್ಟೇ ನನ್ನ ಕೆಲಸ. ಆದರೆ ಅದು ಒಂದೇ ಪಕ್ಕಕ್ಕೆ ಯಾಕೆ ಸವೆಯಿತು ಎಂದು ತಿಳಿಯುವವರೆಗೆ ಅದನ್ನು ತಂದ ಡ್ರೈವರನ ತಲೆ ತಿನ್ನುತ್ತಿದ್ದೆ. ಹೀಗಾಗಿ ಇಂಡಸ್ಟ್ರಿಯಲ್ ಏರಿಯಾದ ನಮ್ಮ ವರ್ಕ್‌ಶಾಪಿನಲ್ಲಿ ನನ್ನ ಹೆಸರೇ ‘ಲೇಶ್’ ಎಂದಾಯಿತು. ಇದು ತೊಂಬತ್ತರ ದಶಕದ ಮಾತು. ಆಗ ನನಗೆ ಮೂವತ್ತು ದಾಟಿ ಎರಡೋ ಮೂರೋ ವರ್ಷವಾಗಿತ್ತು.

ಆ ಹೆಸರಿಟ್ಟವರು ವರ್ಕ್‌ಶಾಪಿನ ಮಾಲೀಕರು. ಅವರನ್ನು ನಾವೆಲ್ಲ ಅರ್ಬಾಬ್ ಎನ್ನುತ್ತಿದ್ದೆವು. ಯಜಮಾನರನ್ನು ಅಲ್ಲಿ ಕರೆಯುವುದೇ ಹಾಗೆ. ಅರವತ್ತು ದಾಟಿದ, ಎತ್ತರದ, ಕಡಿಮೆ ಮಾತಿನ ಕತಾರಿ. ಅವರ ಎಡಗಣ್ಣು ಚಿಕ್ಕಂದಿನಲ್ಲೇ ಬೇನೆ ಬಂದು ಪೂರ್ತಿ ಹೋಗಿತ್ತು. ಉಳಿದದ್ದು ಬಲಗಣ್ಣು ಒಂದೇ. ಅದು ಎಷ್ಟು ಚುರುಕು ಎಂದರೆ, ಲೇತಿನ ಮೇಲೆ ತಿರುಗುತ್ತಿರುವ ಸರಳು ಕೂದಲೆಳೆಯಷ್ಟು ಓರೆಯಾಗಿದ್ದರೂ ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದರು. ಯಾವ ವಸ್ತು ಕೈಗೆ ಬಂದರೂ ತಲೆಯನ್ನು ಒಂದಿಷ್ಟು ವಾಲಿಸಿ, ಆ ಒಂದು ಕಣ್ಣಿನ ಹತ್ತಿರಕ್ಕೆ ತಂದು ನೋಡುವುದು ಅವರ ಅಭ್ಯಾಸ.

ಅರ್ಬಾಬ್ ಹೇಳಿದ್ದನ್ನು ನನಗೆ, ನಾನು ಹೇಳಿದ್ದನ್ನು ಅವರಿಗೆ ತಿಳಿಸುತ್ತಿದ್ದವರು ಸ್ಟೋರ್ ನೋಡಿಕೊಳ್ಳುತ್ತಿದ್ದ ಹಾಜಿಯವರು. ದಕ್ಷಿಣ ಕನ್ನಡದ ಬ್ಯಾರಿ. ಕತಾರಿನಲ್ಲಿ ಇಪ್ಪತ್ತು ವರ್ಷ ಕಳೆದವರು, ಕುಟುಂಬ ಸಮೇತ ನಜ್ಮಾ ಬಡಾವಣೆಯಲ್ಲಿದ್ದರು. ನಾನು ನಾಗಮಂಗಲದ ಕಡೆಯವನು. ನನ್ನ ಕನ್ನಡ ಕೇಳಿದರೆ ಅವರಿಗೆ ನಗು, ಅವರದು ಕೇಳಿದರೆ ನನಗೆ. “ಅದೇನ್ ಮಾತಾಡ್ತೀರಾ ಹಾಜಿಯವ್ರೆ, ಪುಸ್ತಕ ಓದ್ದಂಗೆ” ಎಂದು ನಾನು ಚುಡಾಯಿಸಿದರೆ, “ನಿಂದೆಂತ ಮಾರಾಯ, ಅರ್ಧ ಶಬ್ದ ನುಂಗಿಯೇ ಆಗಿರ್ತದೆ” ಎನ್ನುತ್ತಿದ್ದರು. ಊರಿನವರು ಅಂತ ನನಗೆ ಅಲ್ಲಿ ಇದ್ದವರು ಅವರೊಬ್ಬರೇ.

ಒಂದು ದಿನ ಮಧ್ಯಾಹ್ನ ಅರ್ಬಾಬ್ ಉದ್ದನೆಯ ಬಟ್ಟೆಯ ಗಂಟೊಂದನ್ನು ತಂದು ನನ್ನ ಬೆಂಚಿನ ಮೇಲೆ ಬಿಚ್ಚಿದರು. ಒಳಗಿದ್ದದ್ದು ಹಳೆಯ ರೈಫಲ್. ಅದರ ಮರದ ಹಿಡಿಕೆ ಕೈ ತಾಗಿ ತಾಗಿ ಜೇನುಬಣ್ಣಕ್ಕೆ ತಿರುಗಿತ್ತು. ಅದು ಅವರ ತಂದೆಯದಂತೆ. ತಂದೆ ತೀರಿಕೊಂಡ ಮೇಲೆ ಅದರಿಂದ ಒಂದು ಗುಂಡೂ ಹಾರಿರಲಿಲ್ಲ, ಯಾಕೆಂದರೆ ಅದಕ್ಕೆ ಹೊಂದುವ ತೋಟಾ ಮಾಡುವುದನ್ನೇ ಎಲ್ಲರೂ ನಿಲ್ಲಿಸಿದ್ದರು. ತಮ್ಮ ಕಣ್ಣು ಇನ್ನೂ ಚೆನ್ನಾಗಿರುವಾಗಲೇ ತಂದೆಯ ಕೋವಿಯಿಂದ ಒಮ್ಮೆಯಾದರೂ ಗುರಿಯಿಟ್ಟು ಹೊಡೆಯಬೇಕು ಎನ್ನುವುದು ಅರ್ಬಾಬರ ಆಸೆ. ಅವರ ಗೆಳೆಯನೊಬ್ಬ ಇಂಗ್ಲಿಷಿನವನು, ತೈಲದ ಕೆಲಸದಿಂದ ನಿವೃತ್ತನಾದವನು, ಗುರಿ ಹೊಡೆಯುವ ಹವ್ಯಾಸದವನು. ಬೇರೊಂದು ಜಾತಿಯ ತೋಟಾದ ಖಾಲಿ ಹಿತ್ತಾಳೆ ಕೇಸುಗಳನ್ನು ಕತ್ತರಿಸಿ, ಅಚ್ಚಿನಲ್ಲಿ ಒತ್ತಿ, ಈ ಕೋವಿಗೆ ಹೊಂದುವಂತೆ ಬದಲಾಯಿಸಬಹುದು ಎಂದು ಅವನೇ ಹೇಳಿದ್ದು. ಉಕ್ಕಿನ ಅಚ್ಚನ್ನೂ ಅವನೇ ತರಿಸಿಕೊಟ್ಟಿದ್ದ. ಆದರೆ ಲೇತಿನ ಕೆಲಸ ಅವನಿಗೆ ಬಾರದು.

ಹಾಜಿಯವರು ಮೊದಲು ವಿಚಾರಿಸಿದ್ದು ಲೈಸೆನ್ಸಿನ ವಿಷಯ. ಕಾಗದ ಎಲ್ಲ ಸರಿಯಾಗಿದೆ, ಮದ್ದು ತುಂಬುವ ಕೆಲಸ ಪೂರ್ತಿ ಇಂಗ್ಲಿಷಿನವನದೇ, ನನ್ನ ಪಾಲಿಗೆ ಬರುವುದು ಬರಿಯ ಹಿತ್ತಾಳೆ ಎಂದು ಖಾತ್ರಿಯಾದ ಮೇಲೆ ನನ್ನ ಕಡೆ ತಿರುಗಿ, “ಬೆಡಿಯ ಕೆಲಸ ಮಾರಾಯ, ಆಗ್ತದಾ ನಿಂಗೆ?” ಎಂದರು. ಅವರ ಊರಲ್ಲಿ ಕೋವಿಗೆ ಬೆಡಿ ಎನ್ನುತ್ತಾರೆ.

ಆಗುತ್ತದೆಯೇ ಎಂದರೆ! ಹಿತ್ತಾಳೆ ಎಂಬ ಪದ ಕಿವಿಗೆ ಬಿದ್ದ ಕೂಡಲೇ ನನ್ನ ಎದೆ ಉಬ್ಬಿತ್ತು. ನಮ್ಮದು ಪಾತ್ರೆ ಬಡಿಯುವವರ ಮನೆ. ಐಟಿಐ ಮುಗಿಸಿ ಕೆಲಸ ಸಿಗುವವರೆಗೆ ಎರಡು ವರ್ಷ ತಾತನ ಎದುರು ಕೂತು ಬಿಂದಿಗೆ, ಕೊಳಗ ಬಡಿದವನು ನಾನು. “ಹಿತ್ತಾಳೆ ನಮ್ಮನೆ ಮಗ ಇದ್ದಂಗೆ, ಕೊಡಿ ಇಲ್ಲಿ” ಎಂದೆ. ಹಾಜಿಯವರು ಅದನ್ನು ಅರಬ್ಬಿಗೆ ತಿರುಗಿಸಿ ಹೇಳಿದರು. ಅರ್ಬಾಬ್ ನಕ್ಕರು.

ಇಂಗ್ಲಿಷಿನವನು ರಜೆಗೆ ತನ್ನ ಊರಿಗೆ ಹೊರಟಿದ್ದ. ಹೋಗುವ ಮೊದಲು ಒಂದು ಚೀಲ ಖಾಲಿ ಕೇಸು ಕೊಟ್ಟು, ಒಂದು ತೋಟಾ ಹೇಗಿರುತ್ತದೆ ಎಂದು ಬಿಡಿಸಿ ತೋರಿಸಿದ. ಹಿತ್ತಾಳೆಯ ಕೇಸು, ಅದರ ತಳದಲ್ಲಿ ಕಿಡಿ ಹುಟ್ಟಿಸುವ ಗುಂಡಿಯಷ್ಟು ಸಣ್ಣ ಕೇಪು, ಹೊಟ್ಟೆಯೊಳಗೆ ಮದ್ದು, ಬಾಯಲ್ಲಿ ಗುಂಡು. ಕೇಸನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ತಳ, ಹೊಟ್ಟೆ, ಹೆಗಲು, ಕಂಠ, ಬಾಯಿ. ಬೆರಳುದ್ದದ ಬಿಂದಿಗೆಯೇ ಸರಿ. ಇದಕ್ಕೆ ಬಿಂದಿಗೆಗಿಂತ ಬೇರೆ ನಿಯಮ ಇರಬಹುದು ಎಂಬ ಯೋಚನೆಯೇ ನನಗೆ ಬರಲಿಲ್ಲ.

ಮೊದಲ ಸುತ್ತಿನಲ್ಲಿ ಎಂಟು ಕೇಸು ತೆಗೆದುಕೊಂಡೆ. ಲೇತಿನ ಚಕ್ಕಿನಲ್ಲಿ, ಅಂದರೆ ಕೆಲಸವನ್ನು ಹಿಡಿದು ತಿರುಗಿಸುವ ಮೂರು ಹಲ್ಲಿನ ಹಿಡಿತದಲ್ಲಿ, ತಳವನ್ನು ಕಚ್ಚಿಸಿ ಉದ್ದ ಕತ್ತರಿಸಿದೆ. ಆಮೇಲೆ ಎಣ್ಣೆ ಸವರಿ ಒಂದೊಂದನ್ನೇ ಅಚ್ಚಿಗೆ ಒತ್ತಿದೆ. ಹೆಗಲು ಹಿಂದಕ್ಕೆ ಸರಿದು ಹೊಸ ಕಂಠ ಮೂಡುವುದನ್ನು ನೋಡುವುದೇ ಒಂದು ಖುಷಿ. ಆದರೆ ಎಂಟರಲ್ಲಿ ಐದರ ಕಂಠ ಉದ್ದಕ್ಕೆ ಸೀಳಿತು. ಇನ್ನೊಬ್ಬನಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದನೋ ಏನೋ. ನನಗೆ ಹಳೆಯ ನೆಂಟ ಸಿಕ್ಕಷ್ಟು ಸಂತೋಷವಾಯಿತು. ಈ ಸೀಳು ನನಗೆ ಗೊತ್ತಿತ್ತು. ಹಿತ್ತಾಳೆಯನ್ನು ಬಡಿದಷ್ಟೂ ಒತ್ತಿದಷ್ಟೂ ಅದು ಬಿರುಸಾಗುತ್ತ ಹೋಗುತ್ತದೆ, ಕೊನೆಗೆ ಬಿಡುತ್ತದೆ. ಅಷ್ಟರೊಳಗೆ ಕಾಯಿಸಿ ತಣಿಸಿ ಅದರ ಬಿರುಸು ಇಳಿಸಬೇಕು. ತಾತ ಇದಕ್ಕೆ ಹದ ಇಳಿಸುವುದು ಎನ್ನುತ್ತಿದ್ದರು.

ಹದ ಇಳಿಸುವಾಗ ತಾತನದು ಒಂದೇ ಕಟ್ಟಳೆ. ಪಾತ್ರೆ ಇಡೀ ಒಂದೇ ಬಣ್ಣಕ್ಕೆ ಬರಬೇಕು. ತಳ ಒಂದು ಬಣ್ಣ, ಕಂಠ ಒಂದು ಬಣ್ಣ ಆದರೆ ಇಕ್ಕಳದಿಂದ ನನ್ನ ಮೊಣಕಾಲಿಗೇ ತಟ್ಟುತ್ತಿದ್ದರು. ನಾನು ಅದನ್ನು ಮರೆಯಲಿಲ್ಲ. ಸೀಳದೆ ಉಳಿದ ಮೂರಕ್ಕೆ ಹೊಸದಾಗಿ ಕತ್ತರಿಸಿದ ಇಪ್ಪತ್ತೊಂದನ್ನು ಸೇರಿಸಿ, ಇಪ್ಪತ್ತನಾಲ್ಕು ಕೇಸುಗಳನ್ನು ಕಬ್ಬಿಣದ ತಟ್ಟೆಯಲ್ಲಿ ಮಲಗಿಸಿ, ಗ್ಯಾಸ್ ಉರಿಯನ್ನು ಮೇಲೆ ಕೆಳಗೆ ಆಡಿಸಿ, ತಳದಿಂದ ಬಾಯಿಯವರೆಗೆ ಮಂಕು ಕೆಂಪು ಒಂದೇ ಸಮ ಹರಡುವಂತೆ ಕಾಯಿಸಿ, ನೀರಿಗೆ ಹಾಕಿದೆ. ಚುಂಯ್ ಎಂಬ ಆ ಸದ್ದು ಕೇಳಿ ಎಷ್ಟು ವರ್ಷವಾಗಿತ್ತೋ! ಮತ್ತೆ ಅಚ್ಚಿಗೆ ಒತ್ತಿದರೆ ಬೆಣ್ಣೆಯ ಹಾಗೆ ಹೋಯಿತು. ಒಂದೂ ಸೀಳಲಿಲ್ಲ.

ಎರಡನೆಯ ತೊಂದರೆ ನಿಜಕ್ಕೂ ನನ್ನನ್ನು ಆಡಿಸಿತು. ಅರ್ಬಾಬ್ ಕೋವಿ ತಂದರು. ಕೋವಿಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡು ಇರುತ್ತದೆ, ತೋಟಾವನ್ನು ಅದರೊಳಗೆ ತಳ್ಳಿ, ಬಾಗಿಲಿನ ಅಗುಳಿಯಂಥ ಬೋಲ್ಟ್ ಹಾಕಬೇಕು. ಖಾಲಿ ಕೇಸಿನ ಬಾಯಿಗೆ ಗುಂಡೊಂದನ್ನು ಕೂರಿಸಿ, ಮದ್ದಿಲ್ಲದೆ ಕೇಪಿಲ್ಲದೆ ಬರಿಯ ಅಳತೆ ನೋಡಲು ತಳ್ಳಿದರೆ, ಅದು ಮುಕ್ಕಾಲು ದಾರಿ ಹೋಗಿ ನಿಂತಿತು. ಬೋಲ್ಟ್ ಮುಚ್ಚುವುದಿಲ್ಲ. ಉದ್ದ ಅಳೆದೆ, ಸರಿ. ಹೆಗಲು ಅಳೆದೆ, ಸರಿ. ಮೂರು ದಿನ ಬಿಡುವು ಸಿಕ್ಕಾಗಲೆಲ್ಲ ಅದೇ ಧ್ಯಾನ. ಊಟದ ಡಬ್ಬಿ ತೆರೆದು ಕೂತು, ತುತ್ತು ಕೈಯಲ್ಲೇ ಹಿಡಿದು, “ಯಾಕೆ ಹಿಂಗಾಗುತ್ತೆ ಹಾಜಿಯವ್ರೆ?” ಎನ್ನುತ್ತಿದ್ದೆ.

“ನೀನು ಮೊದ್ಲು ಊಟ ಮಾಡು ಮಾರಾಯ. ಬೆಡಿ ಓಡಿ ಹೋಗುದಿಲ್ಲ” ಎನ್ನುತ್ತಿದ್ದರು ಅವರು.

ಕೊನೆಗೆ ಹೊಳೆದದ್ದು ಕಾಡಿಗೆ. ನಮ್ಮ ಮನೆಯಲ್ಲಿ ದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ಮಾಡುತ್ತಿದ್ದರು. ನಾನೂ ಒಂದು ಮೇಣದಬತ್ತಿ ಹಚ್ಚಿ, ಅದರ ಹೊಗೆಗೆ ಗುಂಡು ಕೂರಿಸಿದ ಕೇಸನ್ನು ಹಿಡಿದು ಮೈಯೆಲ್ಲ ಕಪ್ಪು ಮಾಡಿ, ಗೂಡಿಗೆ ಮೆಲ್ಲಗೆ ತಳ್ಳಿ ಹೊರತೆಗೆದೆ. ಎಲ್ಲಿ ಉಜ್ಜುತ್ತದೋ ಅಲ್ಲಿ ಮಸಿ ಅಳಿಸಿರಬೇಕಲ್ಲ. ಅಳಿಸಿದ್ದು ಕಂಠದ ಸುತ್ತ ಮಾತ್ರ. ಆಗ ಅರ್ಥವಾಯಿತು. ಮೂಲ ಕೇಸಿನ ಹೊಟ್ಟೆಯ ದಪ್ಪ ಹಿತ್ತಾಳೆಯೇ ಈಗ ಹೊಸ ಕೇಸಿನ ಕಂಠವಾಗಿದೆ. ಗುಂಡು ಕೂತ ಮೇಲೆ ಆ ದಪ್ಪ ಕಂಠ ಇನ್ನಷ್ಟು ಉಬ್ಬಿ ಗೂಡಿನಲ್ಲಿ ಹಿಡಿದುಕೊಳ್ಳುತ್ತಿದೆ. ಬೆಂಚಿನ ಮೇಲೆ ಕೈ ಗುದ್ದಿ ಕೂಗಿದ್ದಕ್ಕೆ ಪಕ್ಕದ ವೆಲ್ಡರ್ ಏನೋ ಸಿಡಿಯಿತೆಂದು ಹೆದರಿ ಓಡಿ ಬಂದ.

ಖಾತ್ರಿಗೆಂದು ಗುಂಡು ತೆಗೆದು, ಮತ್ತೆ ಮಸಿ ಹಿಡಿಸಿ ತಳ್ಳಿದಾಗ ಬೋಲ್ಟ್ ಮುಚ್ಚಿತು, ಹೊರತೆಗೆದ ಕೇಸಿನಲ್ಲಿ ಇನ್ನೊಂದು ವಿಷಯವೂ ಕಂಡಿತು. ಮೈಯ ಮಸಿ ಅಲ್ಲಲ್ಲಿ ಅಳಿಸಿದ್ದರೂ ತಳದ ಅಂಚಿನಲ್ಲಿ ಒಂದು ಸಣ್ಣ ಉಂಗುರದಷ್ಟು ಜಾಗದಲ್ಲಿ ಮಸಿ ಹಾಗೇ ಇತ್ತು. ಬೋಲ್ಟಿಗೂ ಗೂಡಿಗೂ ನಡುವೆ ಆ ಉಂಗುರ ಯಾವ ಉಕ್ಕಿಗೂ ತಾಗುವುದೇ ಇಲ್ಲ. ಎಲ್ಲದಕ್ಕೂ ಯಾಕೆ ಎನ್ನುವ ನಾನು ಅಂದು ಅದಕ್ಕೆ ಮಾತ್ರ ಯಾಕೆ ಎನ್ನಲಿಲ್ಲ. ಕಂಠದ ಗುಟ್ಟು ಸಿಕ್ಕ ಸಂಭ್ರಮದಲ್ಲಿ ತಳವನ್ನು ಯಾರು ನೋಡುತ್ತಾರೆ?

ಕಂಠದೊಳಗೆ ಸರಿಯಾಗಿ ಕೂರುವ ಒಂದು ಉಕ್ಕಿನ ಕಡ್ಡಿ ಮಾಡಿಕೊಂಡು, ತಳವನ್ನು ಚಕ್ಕಿಗೆ ಕಚ್ಚಿಸಿ, ಕಂಠದ ಹೊರಮೈಯನ್ನು ಒಂದೊಂದಾಗಿ ತೆಳ್ಳಗೆ ತಿರುವಿದೆ. ನಾಲ್ಕು ಕೇಸು ನನ್ನ ಅವಸರಕ್ಕೆ ಕೆಟ್ಟವು, ಇಪ್ಪತ್ತು ಉಳಿದವು. ತಿರುವುವಾಗ ತಳದ ಮೇಲೆ ಚಕ್ಕಿನ ಮೂರು ಹಲ್ಲಿನ ಸಣ್ಣ ತಗ್ಗು ಬೀಳುತ್ತಿತ್ತು. ಬಿಗಿ ಜಾಸ್ತಿಯಾಗಿರಬೇಕು ಎಂದುಕೊಂಡು, ಯಜಮಾನರ ಕೈಗೆ ಇಂಥ ಗಲೀಜು ಕೊಡುವುದೇ ಎಂದು ಮೃದುವಾದ ಪಾಲಿಶ್ ಕಾಗದದಿಂದ ತಿಕ್ಕಿ ಆ ಗುರುತುಗಳನ್ನೆಲ್ಲ ತೆಗೆದೆ. ಅದೂ ಸಾಲಲಿಲ್ಲ ನನಗೆ. ನಜ್ಮಾದಿಂದ ಹುಣಸೆಹಣ್ಣು ತರಲು ಹಾಜಿಯವರಿಗೆ ಹೇಳಿದೆ.

“ಬೆಡಿಗೆ ಹುಳಿ ಹಾಕ್ಲಿಕ್ಕುಂಟಾ?” ಎಂದರು ಅವರು.

“ನೋಡ್ತಾ ಇರಿ ನೀವು” ಎಂದೆ.

ಹುಣಸೆಹಣ್ಣು, ಉಪ್ಪು, ಒಂದು ಹಳೆಯ ಗೋಣಿತುಂಡು. ಬೆಂಕಿಯ ಕಲೆ, ಎಣ್ಣೆಯ ಜಿಡ್ಡು ಎಲ್ಲ ಹೋಗಿ ಇಪ್ಪತ್ತೂ ಕೇಸು ಹಬ್ಬದ ದಿನದ ಪೂಜೆ ಪಾತ್ರೆಯ ಹಾಗೆ ಹೊಳೆದವು.

ಅರ್ಬಾಬ್ ಮರುದಿನ ಬಂದು, ಗುಂಡು ಕೂರಿಸಿದ್ದ ಒಂದನ್ನು ಗೂಡಿಗೆ ಹಾಕಿ ಬೋಲ್ಟ್ ತಳ್ಳಿದರು. ಒಂದು ಬೆರಳಿಗೇ ಸದ್ದಿಲ್ಲದೆ ಮುಚ್ಚಿತು. ತೆರೆದರು, ಮುಚ್ಚಿದರು. ಕೇಸನ್ನು ಕಣ್ಣಿನ ಹತ್ತಿರ ತಂದು ನೋಡಿದರು. “ಝೇನ್, ಲೇಶ್, ಝೇನ್” ಎಂದರು. ಚೆನ್ನಾಗಿದೆ ಎಂದು ಅವರು ಎರಡು ಸಲ ಹೇಳಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲವಂತೆ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಾರೂ ಕೇಳದಿದ್ದರೂ ತಾತನ ಕತೆ ಶುರುಮಾಡಿದೆ. ನಮ್ಮ ತಾತ ಹೊಸ ಬಿಂದಿಗೆ ಮಾಡಿದರೆ ಅದರ ಮೊದಲ ನೀರನ್ನು ತಾನೇ ಕುಡಿಯುತ್ತಿದ್ದರು, ಆಮೇಲೆ ಗಿರಾಕಿಗೆ ಕೊಡುತ್ತಿದ್ದರು. ಮಾಡಿದವನೇ ಮೊದಲು ಬಳಸಬೇಕು ಎನ್ನುವುದು ನಮ್ಮ ಮನೆಯ ರೂಢಿ ಎಂದು ಕೊಚ್ಚಿಕೊಂಡೆ. ಹಾಜಿಯವರು ಅದನ್ನೂ ಅರಬ್ಬಿಯಲ್ಲಿ ಹೇಳಿದರು. ಅರ್ಬಾಬ್ ತಲೆ ವಾಲಿಸಿ ಕೇಳಿಸಿಕೊಂಡು, ಮತ್ತೊಮ್ಮೆ ಹೇಳು ಎಂದು ಹಾಜಿಯವರಿಂದ ಹೇಳಿಸಿಕೊಂಡರು.

ಇಂಗ್ಲಿಷಿನವನು ಆ ವಾರ ರಜೆ ಮುಗಿಸಿ ಬಂದ. ಬುಧವಾರ ಇಪ್ಪತ್ತು ಕೇಸಿಗೂ ಕೇಪು, ಮದ್ದು, ಗುಂಡು ಹಾಕಿ ಕೊಟ್ಟನಂತೆ. ಶುಕ್ರವಾರ ಬೆಳಿಗ್ಗೆ ಊರಾಚೆಯ ಅರ್ಬಾಬರ ತೋಟದಲ್ಲಿ ಹೊಡೆಯುವುದು ಎಂದು ಗೊತ್ತಾಯಿತು.

ಗುರುವಾರ ನಮಗೆ ಮಧ್ಯಾಹ್ನದವರೆಗೆ ಕೆಲಸ. ಎಲ್ಲರೂ ಕಂಪನಿ ಬಸ್ಸಿಗೆ ಹೋದ ಮೇಲೆ ನಾನು ಬೆಂಚು ಗುಡಿಸುತ್ತಿದ್ದೆ. ಡಬ್ಬಿಯೊಂದರಲ್ಲಿ ಕೆಟ್ಟ ಕೇಸುಗಳಿದ್ದವು: ಮೊದಲ ಸುತ್ತಿನಲ್ಲಿ ಕಂಠ ಸೀಳಿದ ಐದು, ಆಮೇಲೆ ಅವಸರದಲ್ಲಿ ಕೆಡಿಸಿದ ನಾಲ್ಕು. ಎಸೆಯುವ ಮೊದಲು ಕೈಯಲ್ಲಿ ಉರುಳಿಸಿದೆ. ಮೊದಲ ಐದರ ತಳದಲ್ಲಿ ಚಕ್ಕಿನ ಹಲ್ಲಿನ ಗುರುತೇ ಇರಲಿಲ್ಲ. ಆಮೇಲಿನ ನಾಲ್ಕರಲ್ಲೂ ಮೂರು ಮೂರು ತಗ್ಗು. ಅದೇ ಚಕ್, ಅದೇ ಕೈ, ಅದೇ ಬಿಗಿ. ಯಾಕೆ?

ಎರಡೂ ಬಗೆಯಲ್ಲಿ ಒಂದೊಂದನ್ನು ಒಂದಾದ ಮೇಲೊಂದು ಚಕ್ಕಿಗೆ ಹಾಕಿ, ಚಕ್ ಬಿಗಿಸುವ ಕೀಲಿಯನ್ನು ಲೆಕ್ಕ ಹಿಡಿದು ಒಂದೇ ಅಳತೆಗೆ ತಿರುಗಿಸಿದೆ. ಮೊದಲನೆಯದು ಏನೂ ಆಗದ ಹಾಗೆ ಇತ್ತು. ಎರಡನೆಯದರ ತಳದಲ್ಲಿ ತಗ್ಗು ಬಿತ್ತು. ಸಿಮೆಂಟ್ ನೆಲಕ್ಕೆ ಹಾಕಿದೆ. ಮೊದಲನೆಯದು ಕಂಠ ಸೀಳಿದ್ದರೂ ತಳ ತಾಗಿದಾಗ ಟಣ್ ಎಂದಿತು, ಎರಡನೆಯದು ಸತ್ತ ಸದ್ದು ಮಾಡಿತು. ಗರಗಸ ತೆಗೆದುಕೊಂಡು ಮೊದಲ ಐದರಲ್ಲಿ ಇನ್ನೊಂದನ್ನು ಉದ್ದಕ್ಕೆ ಸೀಳಿ ನೋಡಿದೆ. ಬಾಯಿಯ ಬಳಿ ತೆಳು. ಕೆಳಗೆ ಬಂದಂತೆ ದಪ್ಪವಾಗುತ್ತ ತಳದಲ್ಲಿ ಗಟ್ಟಿ ಬಿಲ್ಲೆ. ಮೂಲದಲ್ಲಿ ಇದನ್ನು ಮಾಡಿದವನು ಬೇಕೆಂದೇ ತಳವನ್ನು ದಪ್ಪವಾಗಿಯೂ ಬಿರುಸಾಗಿಯೂ ಇಟ್ಟಿದ್ದಾನೆ. ಅದನ್ನು ನಾನು ತಾತನ ಕಟ್ಟಳೆಯಂತೆ ಒಂದೇ ಬಣ್ಣಕ್ಕೆ ಕಾಯಿಸಿ ಕಂಠದಷ್ಟೇ ಮೆದು ಮಾಡಿ ಇಟ್ಟಿದ್ದೇನೆ.

ಆಗ ಮಸಿ ಅಳಿಸದೆ ಉಳಿದಿದ್ದ ಆ ಉಂಗುರ ನೆನಪಾಯಿತು. ಕೇಸಿನ ಮೈಯನ್ನು ಗೂಡಿನ ಉಕ್ಕು ಸುತ್ತ ಹಿಡಿದುಕೊಳ್ಳುತ್ತದೆ. ಆ ಉಂಗುರವನ್ನು ಮಾತ್ರ ಯಾವುದೂ ಹಿಡಿಯುವುದಿಲ್ಲ. ಮದ್ದು ಸಿಡಿದಾಗ ಅಲ್ಲಿ ಹಿತ್ತಾಳೆ ತನ್ನ ಬಲದ ಮೇಲೆ ತಾನೇ ನಿಲ್ಲಬೇಕು. ನಿಲ್ಲದಿದ್ದರೆ ಬೆಂಕಿ, ಹಿತ್ತಾಳೆಯ ಚೂರು ಎರಡೂ ಬೋಲ್ಟಿನ ಸಂದಿಯಿಂದ ಹಿಂದಕ್ಕೆ ನುಗ್ಗುತ್ತವೆ. ಹಿಂದೆ ಇರುವುದು ಹೊಡೆಯುವವನ ಮುಖ. ಅರ್ಬಾಬರ ಮುಖದಲ್ಲಿ ಉಳಿದಿದ್ದದ್ದು ಒಂದೇ ಕಣ್ಣು.

ಇಂಗ್ಲಿಷಿನವನಿಗೆ ಯಾಕೆ ಗೊತ್ತಾಗಲಿಲ್ಲ ಎಂದು ಮೊದಲು ಅವನ ಮೇಲೆ ಸಿಟ್ಟು ಬಂತು. ಆಮೇಲೆ ಹೊಳೆಯಿತು. ಕಾಯಿಸಿದ ಹಿತ್ತಾಳೆಯ ಮೇಲೆ ಬೆಂಕಿಯ ಬಣ್ಣ ಉಳಿದಿರುತ್ತದೆ. ಅದನ್ನು ನೋಡಿದ್ದರೆ ಎಲ್ಲಿಯವರೆಗೆ ಕಾದಿದೆ ಎಂದು ಅವನು ಒಂದು ಕ್ಷಣದಲ್ಲಿ ಹೇಳುತ್ತಿದ್ದ. ಆ ಬಣ್ಣವನ್ನೂ ಚಕ್ಕಿನ ಗುರುತನ್ನೂ ಉಜ್ಜಿ ಉಜ್ಜಿ ಅಳಿಸಿದವನು ನಾನೇ.

ಒಪ್ಪಿಕೊಳ್ಳುತ್ತೇನೆ, ಆಗ ಸುಮ್ಮನಿದ್ದುಬಿಡೋಣ ಎಂದೂ ಅನ್ನಿಸಿತು. ಪ್ರತಿಯೊಂದು ಕೇಸೂ ಒಡೆಯಲೇಬೇಕು ಎಂದೇನಿಲ್ಲ. ತಡೆದುಕೊಂಡರೂ ತಡೆದುಕೊಂಡೀತು. ಎರಡು ಸಲ ಝೇನ್ ಎಂದ ಬಾಯಿಂದ ಈಗ ಏನು ಕೇಳಬೇಕಾದೀತು? ಹಿತ್ತಾಳೆ ನಮ್ಮನೆ ಮಗ ಎಂದು ಮೆರೆದವನಿಗೆ ಹಿತ್ತಾಳೆಯೇ ಗೊತ್ತಿಲ್ಲ ಎಂದು ಇಡೀ ಶೆಡ್ಡು ನಗುತ್ತದಲ್ಲ. ಹತ್ತು ನಿಮಿಷ ಸೀಳಿದ ಕೇಸನ್ನು ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆ ಕೂತಿದ್ದೆ. ಅಷ್ಟರಲ್ಲಿ ಹಾಜಿಯವರು ಸ್ಟೋರಿಗೆ ಬೀಗ ಹಾಕಿ ಬಂದರು.

“ಎಂತ ಆಯ್ತು? ಮುಖ ಯಾಕೆ ಹಾಗೆ?”

ಹೇಳಿದೆ. ಅವರಿಗೆ ಲೋಹದ ವಿಷಯ ಅಷ್ಟಾಗಿ ತಿಳಿಯದು. ಎರಡೂ ಕೇಸನ್ನು ನೆಲಕ್ಕೆ ಹಾಕಿ ಸದ್ದು ಕೇಳಿಸಿದೆ.

“ಒಡೀತದೆ ಅಂತ ಗ್ಯಾರಂಟಿ ಉಂಟಾ?”

“ಗ್ಯಾರಂಟಿ ಇಲ್ಲ. ಒಡಿಯಲ್ಲ ಅಂತಾನೂ ಹೇಳಕ್ಕಾಗಲ್ಲ. ಫೋನ್ ಮಾಡಿ ಹೇಳಿಬಿಡೋಣ್ವಾ?”

ಹಾಜಿಯವರು ಸ್ಟೋರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. “ಇದು ಫೋನಲ್ಲಿ ಹೇಳುವ ಮಾತಲ್ಲ. ನಮಾಜ್ ಮುಗಿಸಿ ಬರ್ತೇನೆ. ನೀನು ಕೈಕಾಲು ತೊಳ್ಕೋ. ಆ ತುಂಡು, ಕೇಸು ಎಲ್ಲ ಹಿಡ್ಕೊಂಡು ಪಿಕಪ್ಪಲ್ಲಿ ಕೂತ್ಕೋ” ಎಂದರು.

ಅರ್ಬಾಬರ ವಿಲ್ಲಾ ಇದ್ದದ್ದು ಅಲ್ ಅಜೀಜಿಯಾದಲ್ಲಿ. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಅರ್ಧ ದಾರಿಗೆ ಬರುವ ಹೊತ್ತಿಗೆ ಭಯ ಇಳಿದು ನನ್ನ ಬಗ್ಗೆ ನನಗೇ ಒಂದು ಬಗೆಯ ಗೌರವ ಹುಟ್ಟಿತು. ಕೆಲಸ ಹೋದರೂ ಹೋಗಲಿ, ಒಬ್ಬ ಮನುಷ್ಯನ ಕಣ್ಣು ಉಳಿಸಲು ಹೊರಟಿದ್ದೇನೆ, ಇಂಥವರು ಎಷ್ಟು ಮಂದಿ ಇದ್ದಾರು ಎಂದುಕೊಂಡೆ.

ಚಪ್ಪಲಿ ಹೊರಗೆ ಬಿಟ್ಟು ಮಜ್ಲಿಸಿಗೆ ಹೋದೆವು. ಬಂದವರನ್ನು ಕೂರಿಸುವ ಆ ಹಜಾರದಲ್ಲಿ ಅರ್ಬಾಬ್ ಒಬ್ಬರೇ ಇದ್ದರು. ಕಂಬಳಿಯ ಮೇಲೆ ಎಣ್ಣೆ ಸವರಿದ ಕೋವಿ. ಪಕ್ಕದ ತಟ್ಟೆಯಲ್ಲಿ ಇಪ್ಪತ್ತು ತೋಟಾ ಸಾಲಾಗಿ ನಿಂತು ಥಳಥಳ ಹೊಳೆಯುತ್ತಿದ್ದವು. ನನ್ನನ್ನು ನೋಡಿ ಅವರಿಗೆ ಖುಷಿಯಾಯಿತು. ಖರ್ಜೂರ ಮುಂದಿಟ್ಟು, ಕಾಫಿ ತಾವೇ ಬಗ್ಗಿಸಿ ಕೊಟ್ಟರು. ನಾನು ಲೋಟ ಮುಟ್ಟಲಿಲ್ಲ. ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

“ಹೇಳಿ ಹಾಜಿಯವ್ರೆ, ತಪ್ಪು ನಂದು. ಇಪ್ಪತ್ತೂ ಕೆಟ್ಟಿದ್ದಾವೆ. ಒಂದನ್ನೂ ಹೊಡೀಬಾರ್ದು ಅಂತ ಹೇಳಿ.”

ಹಾಜಿಯವರು ಹೇಳಿದರು. ಅರ್ಬಾಬ್ ನನ್ನ ಕಡೆ ತಿರುಗಿದರು. “ಲೇಶ್?” ಎಂದರು. ಅದು ನನ್ನ ಹೆಸರಲ್ಲ, ಪ್ರಶ್ನೆ.

ಚಕ್ಕಿನ ತಗ್ಗು ಇದ್ದ ಕೇಸನ್ನೂ ಇಲ್ಲದ್ದನ್ನೂ ಅವರ ಕೈಯಲ್ಲಿಟ್ಟೆ. ಒಂದೊಂದನ್ನೇ ಕಣ್ಣಿನ ಬಳಿ ತಂದು ನೋಡಿ, ಹೆಬ್ಬೆರಳಿನ ಉಗುರಿನಿಂದ ತಳವನ್ನು ಸವರಿದರು. ಅಮೃತಶಿಲೆಯ ನೆಲದ ಮೇಲೆ ಎರಡನ್ನೂ ಬೀಳಿಸಿ ಸದ್ದು ಕೇಳಿಸಿದೆ. ಬಿಂದಿಗೆಗೆ ಬೇಕಾದದ್ದು ಬೇರೆ, ಇದಕ್ಕೆ ಬೇಕಾದದ್ದು ಬೇರೆ. ಬಿಂದಿಗೆ ಇಡೀ ಒಂದೇ ಹದದಲ್ಲಿರಬೇಕು, ಇದರ ಕಂಠ ಮೆದುವಾಗಿ ತಳ ಬಿರುಸಾಗಿರಬೇಕು, ನಾನು ಬಿಂದಿಗೆ ಮಾಡಿಬಿಟ್ಟೆ ಎಂದೆ. ಹುಣಸೆಹಣ್ಣಿನ ವಿಷಯವನ್ನೂ ಬಿಡಲಿಲ್ಲ. ಹಾಜಿಯವರು ಅದಕ್ಕೆ ಅರಬ್ಬಿ ಪದಕ್ಕಾಗಿ ತಡಕಾಡಿದರು.

ಅರ್ಬಾಬ್ ತೋಟಾಗಳ ತಟ್ಟೆಯನ್ನು ಕೋವಿಯಿಂದ ದೂರ ಸರಿಸಿದರು. ಬೈಯಲಿಲ್ಲ. ತಗ್ಗಿದ ದನಿಯಲ್ಲಿ ಹಾಜಿಯವರಿಗೆ ಏನೋ ಉದ್ದಕ್ಕೆ ಹೇಳಿದರು. ಹಾಜಿಯವರು ಅದನ್ನು ನನಗೆ ಹೇಳದೆ ಗಡ್ಡ ನೀವಿಕೊಳ್ಳುತ್ತ ಕೂತರು. ಕೆಲಸ ಹೋಯಿತು ಎಂದುಕೊಂಡೆ.

“ಏನಂತೆ?” ಎಂದೆ.

“ನಾಳೆ ಮೊದಲನೇ ಬೆಡಿ ನಿನ್ನ ಕೈಯಿಂದ ಹೊಡೆಸ್ಲಿಕ್ಕೆ ಇತ್ತಂತೆ ಮಾರಾಯ. ನಿನ್ನ ಅಜ್ಜನ ನೀರಿನ ಕತೆ ಹೇಳಿದ್ದಿಯಲ್ಲ, ಮಾಡಿದವನೇ ಮೊದ್ಲು ಅಂತ. ಅದು ಇವರಿಗೆ ಭಾರೀ ಹಿಡಿಸಿದೆ. ಬೆಳಿಗ್ಗೆ ನಿನ್ನನ್ನು ಕರ್ಕೊಂಡು ಬರ್ಲಿಕ್ಕೆ ಡ್ರೈವರಿಗೆ ಹೇಳಿಯೂ ಆಗಿದೆ.”

ನಾನು ಗೋಡೆಗೆ ಒರಗಿದೆ. ಕರೆದಿದ್ದರೆ ನಾನು ಬೇಡ ಎನ್ನುತ್ತಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಎಲ್ಲರ ಎದುರು ಹೆಮ್ಮೆಯಿಂದ ಕೋವಿ ಎತ್ತಿ, ಎರಡೂ ಕಣ್ಣನ್ನು ಆ ಸಂದಿಯ ಹಿಂದಿಟ್ಟುಕೊಂಡು ನಿಲ್ಲುತ್ತಿದ್ದೆ. ಬರುವ ದಾರಿಯಲ್ಲಿ ಯಾರ ಕಣ್ಣು ಉಳಿಸುತ್ತಿದ್ದೇನೆಂದು ಬೀಗಿದ್ದೆನೋ ಅದನ್ನು ನೆನೆದು ನಾಚಿಕೆಯಾಯಿತು. ಅರ್ಬಾಬ್ ನನ್ನ ಮುಂದಿದ್ದ ಆರಿದ ಕಾಫಿಯನ್ನು ಚೆಲ್ಲಿ, ಬಿಸಿಯಾದದ್ದನ್ನು ಬಗ್ಗಿಸಿ ನನ್ನ ಕೈಗೇ ಕೊಟ್ಟರು. ಈ ಸಲ ಕುಡಿದೆ.

ಇಂಗ್ಲಿಷಿನವನು ಮರುದಿನ ಇಪ್ಪತ್ತನ್ನೂ ಬಿಚ್ಚಿ ಮದ್ದು ತೆಗೆದ. ಖಾಲಿ ಕೇಸುಗಳನ್ನು ನಾನೇ ಸುತ್ತಿಗೆಯಿಂದ ಚಪ್ಪಟೆ ಮಾಡಿದೆ, ಯಾರ ಕೈಗೂ ಸಿಗದ ಹಾಗೆ. ಅವನು ಬಯ್ಯುವುದಿದ್ದರೆ ಬಯ್ಯಲಿ ಎಂದು ಕಾದಿದ್ದೆ. ಅವನು ಒಂದು ಬೋಗುಣಿ ಕೇಳಿ, ಅದರಲ್ಲಿ ನೀರು ಹಾಕಿ, ಹೊಸ ಕೇಸುಗಳನ್ನು ತಳ ಮುಳುಗುವಂತೆ ನಿಲ್ಲಿಸಿದ. ನೀರಿನ ಮೇಲೆ ಕಾಣುವ ಕಂಠಕ್ಕಷ್ಟೇ ಉರಿ ಹಿಡಿದ. ನೀರು ತಳವನ್ನು ಕಾಯಲು ಬಿಡುವುದಿಲ್ಲ. ಅಷ್ಟೇ ಉಪಾಯ. ತಾತ ನೋಡಿದ್ದರೆ ಇಕ್ಕಳ ಎತ್ತುತ್ತಿದ್ದರು, ಆಮೇಲೆ ಹತ್ತಿರ ಬಂದು ಕೂತು ಯಾಕೆ ಎಂದು ಕೇಳುತ್ತಿದ್ದರು. ಈ ಸಲ ನಾನು ಉಜ್ಜಲಿಲ್ಲ. ಕಂಠದ ಸುತ್ತ ಬೆಂಕಿಯ ನೀಲಿ ಹಳದಿ ಕಲೆ ಹಾಗೇ ಉಳಿಯಿತು. ಇಂಗ್ಲಿಷಿನವನು ಪ್ರತಿಯೊಂದನ್ನೂ ತಿರುಗಿಸಿ ಆ ಕಲೆ ಎಲ್ಲಿಯವರೆಗೆ ಇಳಿದಿದೆ ಎಂದು ನೋಡಿ ಪಕ್ಕಕ್ಕಿಟ್ಟ.

ಇದೆಲ್ಲ ಮುಗಿಯಲು ಇನ್ನೊಂದು ತಿಂಗಳು ಹಿಡಿಯಿತು. ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ ತೋಟದ ಹಿಂದಿನ ಮರಳು ದಿಬ್ಬದ ಎದುರು ನಾವು ನಾಲ್ವರು ನಿಂತೆವು. ದಿಬ್ಬಕ್ಕೆ ಒರಗಿಸಿದ್ದ ಹಲಗೆಯೇ ಗುರಿ. ಇಂಗ್ಲಿಷಿನವನು ನನಗೆ ಕೋವಿ ಹಿಡಿಯುವ ಬಗೆ ಹೇಳಿಕೊಟ್ಟು, ಕಣ್ಣಿಗೆ ದಪ್ಪ ಕನ್ನಡಕ ಹಾಕಿಸಿದ. ಎಲ್ಲರೂ ಹಿಂದಕ್ಕೆ ಹೋಗಬೇಕು ಎಂದ. ಹಾಜಿಯವರು ಅವನ ಮಾತು ಮುಗಿಯುವುದರೊಳಗೆ ಪಿಕಪ್ಪಿನ ಹಿಂದೆ ಸೇರಿಕೊಂಡಿದ್ದರು.

ಅರ್ಬಾಬ್ ಕದಲಲಿಲ್ಲ. ಹಿಂದಕ್ಕೆ ಹೋಗಲು ಹೇಳಿ ಎಂದು ನಾನು ಹಾಜಿಯವರಿಗೆ ಕೂಗಿದೆ. ಅವರು ಅಲ್ಲಿಂದಲೇ ಅರಬ್ಬಿಯಲ್ಲಿ ಕೂಗಿದರು. ಅರ್ಬಾಬ್ ಕೈ ಬೀಸಿ ಬೇಡ ಎಂದರು. ಇಂಗ್ಲಿಷಿನವನು ಗೊಣಗುತ್ತ ತನ್ನ ಕನ್ನಡಕವನ್ನೇ ತೆಗೆದು ಅವರಿಗೆ ಕೊಟ್ಟು ಹಿಂದೆ ಸರಿದ. ಅರ್ಬಾಬ್ ಅದನ್ನು ಹಾಕಿಕೊಂಡು ನನ್ನ ಎಡಕ್ಕೆ ಬಂದರು, ಬಲಗಣ್ಣು ನನ್ನ ಕಡೆ ಇರುವಂತೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ.

“ಯಲ್ಲಾ, ಲೇಶ್” ಎಂದರು, ಹೂಂ ಶುರುಮಾಡು ಎಂಬಂತೆ.

ಬೋಲ್ಟ್ ಹಾಕಿದೆ. ಪಕ್ಕದಲ್ಲಿ ಅವರ ಉಸಿರು ಕೇಳುತ್ತಿತ್ತು. ಅವರು ಹಲಗೆಯನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದರು. ಟ್ರಿಗರ್ ಒತ್ತಿದೆ.

ಗುಂಡು ಹಲಗೆಗೆ ತಾಗಿತೋ ಇಲ್ಲವೋ ನಾನು ನೋಡಲಿಲ್ಲ. ಬೋಲ್ಟ್ ಎಳೆದಾಗ ಕೇಸು ಮರಳಿನ ಮೇಲೆ ಬಿತ್ತು. ನಾವಿಬ್ಬರೂ ಒಟ್ಟಿಗೆ ಬಗ್ಗಿದೆವು. ಅರ್ಬಾಬ್ ಮೊದಲು ಎತ್ತಿಕೊಂಡರು. ಕಾದಿದ್ದ ಅದನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಹಾರಿಸುತ್ತ, ತಿರುಗಿಸಿ, ತಳವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ನಾನೂ ನೋಡಲಿ ಎಂದು ಬಿರುಕಿಲ್ಲದ ಆ ತಳವನ್ನು ನನ್ನ ಕಣ್ಣಿನ ಹತ್ತಿರ ಹಿಡಿದರು.